ಚಿತ್ರದಲ್ಲಿ ಬೆಕ್ಕಿದ್ದರೆ ಮೊದಲು ಅದನ್ನೇ ನೋಡುವವರು ಯಾರಿದ್ದೀರಿ?

ಪಟ್ಟೆಬಾಲ:

ಮಲಗುವ ಮುಂಚೆ ದಿನಾ ಒಂದು ಹಳೇ ಚಿತ್ರ ನೋಡುವುದು ನನ್ನ ಅಭ್ಯಾಸ. ಒಂದೇ ಒಂದು. ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಮೂಲೆ ಮೂಲೆ ನೋಡುತ್ತೇನೆ. ಅಷ್ಟು ಹೊತ್ತಿಗೆ ನಮ್ಮ ಮಿಂಚು ಬಂದು ಹೊಟ್ಟೆಯ ಮೇಲೆ ಮುದುರಿಕೊಳ್ಳುತ್ತಾಳೆ. ಅವಳು ಗುರುಗುರು ಅನ್ನುತ್ತಿದ್ದರೆ ಏಳಲು ಮನಸ್ಸಾಗುವುದಿಲ್ಲ. ಐದು ನಿಮಿಷ ಅಂದುಕೊಂಡದ್ದು ಅರ್ಧ ಗಂಟೆ ಆಗುತ್ತದೆ.

ಮೊದಲು ನನಗೆ ಚಿತ್ರಕಲೆ ಅಂದರೆ ಅಂಜಿಕೆ ಇತ್ತು. ಏನು ನೋಡಬೇಕು, ಎಲ್ಲಿಂದ ಶುರು ಮಾಡಬೇಕು, ಏನೂ ತಿಳಿಯುತ್ತಿರಲಿಲ್ಲ. ದಾರಿ ತೋರಿಸಿದ್ದು ಬೆಕ್ಕು. ಬೆಕ್ಕಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿವಿ ಹಿಂದಕ್ಕೆ ಮಡಿಸಿದರೆ ಏನು, ಬಾಲದ ತುದಿ ಮಾತ್ರ ಅಲ್ಲಾಡಿದರೆ ಏನು ಅಂತ ದಿನಾ ನೋಡುತ್ತೇನಲ್ಲ. ಹಾಗಾಗಿ ಚಿತ್ರದ ಮೂಲೆಯಲ್ಲಿ ಬೆಕ್ಕು ಕಂಡರೆ ಅಲ್ಲಿ ನನ್ನ ಪರಿಚಯದವರು ಒಬ್ಬರು ಕೂತಿದ್ದಾರೆ ಅನ್ನಿಸುತ್ತದೆ. ಅಲ್ಲಿಂದ ಉಳಿದವರ ಕಡೆಗೆ ಹೋಗುತ್ತೇನೆ.

ಮೊನ್ನೆ ನೋಡಿದ್ದು ಲೊರೆಂಜೊ ಲೊಟ್ಟೊ ಬರೆದ ಚಿತ್ರ. ಇಟಲಿಯ ರೆಕನಾಟಿಯಲ್ಲಿದೆ, 1534ರ ಆಸುಪಾಸಿನದು. ನಿನಗೆ ಮಗ ಹುಟ್ಟುತ್ತಾನೆ ಅಂತ ಹೇಳಲು ದೇವದೂತ ಮೇರಿಯ ಕೋಣೆಗೆ ಬಂದಿದ್ದಾನೆ. ಮೇರಿ ಅವನಿಗೆ ಬೆನ್ನು ಹಾಕಿ, ಎರಡೂ ಕೈ ಎತ್ತಿ, ನಮ್ಮ ಕಡೆ ನೋಡುತ್ತಿದ್ದಾಳೆ. ಇಬ್ಬರ ನಡುವೆ ಒಂದು ಬೆಕ್ಕು ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಓಡುತ್ತಿದೆ. ಆ ಬೆಕ್ಕು ಸೈತಾನನ ಗುರುತು ಅಂತ ಕೆಲವರು ಬರೆದಿದ್ದಾರೆ. ಇರಬಹುದು. ನನಗೆ ಕಂಡದ್ದು ಬೇರೆ. ಬಾಗಿಲ ಗಂಟೆ ಬಾರಿಸಿದಾಗ ಮಿಂಚು ಓಡುವುದೂ ಹೀಗೇ. ಇಷ್ಟು ದೊಡ್ಡ ರೆಕ್ಕೆಯವನು ದಢಕ್ಕನೆ ಒಳಗೆ ಬಂದರೆ ಮನೆಯ ಬೆಕ್ಕು ಇನ್ನೇನು ಮಾಡೀತು? ಬೆಕ್ಕು ಹೆದರಿದ್ದರಿಂದಲೇ ಆ ದೇವದೂತ ನಿಜವಾಗಿ ಬಂದಿದ್ದಾನೆ ಅಂತ ನಾನು ನಂಬಿದೆ.

ಯಾವ ಕಲಾವಿದರು ಬೆಕ್ಕನ್ನು ಮನಸ್ಸಿಟ್ಟು ನೋಡಿದ್ದರು ಅಂತ ನಿಮಗೆ ಅನ್ನಿಸುತ್ತದೆ? ಒಂದೊಂದು ಚಿತ್ರ ಹೇಳಿ. ದಿನಕ್ಕೊಂದರಂತೆ ನೋಡುತ್ತಾ ಬರುತ್ತೇನೆ.

ಹಳೇಪುಟ:

ನನ್ನದು ನೆಬಾಮುನ್ ಗೋರಿಯ ಬೆಕ್ಕು. ಈಜಿಪ್ಟಿನದು, ಕ್ರಿ.ಪೂ. 1350ರ ಸುಮಾರಿನದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ನೆಬಾಮುನ್ ಜೊಂಡಿನ ದೋಣಿಯಲ್ಲಿ ನಿಂತು ಹಕ್ಕಿ ಬೇಟೆಯಾಡುತ್ತಿದ್ದಾನೆ. ಹೆಂಡತಿ, ಮಗಳು ಜೊತೆಗಿದ್ದಾರೆ. ಅವನ ಮುಂದೆ ಜೊಂಡಿನ ಕಡ್ಡಿಗಳ ಮೇಲೆ ನಿಂತ ಬೆಕ್ಕು ಒಂದೇ ಸಲ ಮೂರು ಹಕ್ಕಿ ಹಿಡಿದಿದೆ. ಒಂದು ಬಾಯಲ್ಲಿ, ಇನ್ನೆರಡು ಪಂಜಗಳಲ್ಲಿ. ಹೊಟ್ಟೆಯ ಕಡೆಯ ರೋಮವನ್ನು ಸಣ್ಣ ಸಣ್ಣ ಗೆರೆಯಲ್ಲಿ ಬಿಡಿಸಿದ್ದಾರೆ. ಕಣ್ಣಿಗೆ ನಿಜವಾದ ಚಿನ್ನದ ರೇಕು ಹಚ್ಚಿದ್ದಾರೆ.

ನೆಬಾಮುನ್ ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಧಾನ್ಯದ ಲೆಕ್ಕ ಬರೆಯುವುದು. ಬೆಕ್ಕು ಮನುಷ್ಯರ ಹತ್ತಿರ ಬಂದದ್ದೇ ಧಾನ್ಯದ ಕಣಜಗಳಿಂದ. ಕಾಳು ಕೂಡಿಟ್ಟ ಕಡೆ ಇಲಿ ಬಂತು, ಇಲಿ ಇದ್ದ ಕಡೆ ಬೆಕ್ಕು ಬಂತು. ಧಾನ್ಯದ ಲೆಕ್ಕದವನ ಗೋರಿಯಲ್ಲಿ ಬೆಕ್ಕಿಗೆ ಚಿನ್ನದ ಕಣ್ಣು ಕೊಟ್ಟದ್ದು ನನಗೆ ತುಂಬಾ ಸರಿಯಾಗಿ ಕಾಣುತ್ತದೆ. ಚಿತ್ರಕಾರನ ಮನಸ್ಸಿನಲ್ಲಿ ಇದೇ ಇತ್ತು ಅಂತ ನಾನು ಹೇಳುತ್ತಿಲ್ಲ. ನನಗೆ ಹಾಗೆ ನೋಡಲು ಇಷ್ಟ, ಅಷ್ಟೇ.

ಮೂರುಬಣ್ಣ:

ಹಳೇಪುಟ ಅವರೇ, ಈಗ ತಾನೇ ನೋಡಿದೆ. ಆ ಬೆಕ್ಕಿನ ಮೈಮೇಲೆ ಅಡ್ಡಪಟ್ಟೆ ಇದೆ. ನಮ್ಮ ಗುಂಡನಿಗೂ ಪಟ್ಟೆ ಇದೆ, ಆದರೆ ಪಕ್ಕೆಯಲ್ಲಿ ದೊಡ್ಡ ಸುಳಿ. ನೀರಿನ ಸುಳಿ ಇರುತ್ತದಲ್ಲ, ಹಾಗೆ. ಇಂಥ ಬೆಕ್ಕು ಈಜಿಪ್ಟಿನ ಚಿತ್ರಗಳಲ್ಲಿ ಎಲ್ಲಾದರೂ ಇದೆಯಾ?

ಹಳೇಪುಟ:

ಒಳ್ಳೇ ಪ್ರಶ್ನೆ ಕೇಳಿದಿರಿ. ಸಿಗುವುದಿಲ್ಲ. 2017ರಲ್ಲಿ ಹಳೇ ಬೆಕ್ಕುಗಳ ಮೂಳೆ, ಹಲ್ಲು, ಮಮ್ಮಿಗಳಿಂದ ಡಿಎನ್‌ಎ ತೆಗೆದು ನೋಡಿದ ದೊಡ್ಡ ಅಧ್ಯಯನವೊಂದು ಬಂತು. ಸುಳಿಪಟ್ಟೆಗೆ ಕಾರಣವಾದ ಜೀನ್ ಬದಲಾವಣೆ ಅವರಿಗೆ ಮಧ್ಯಯುಗಕ್ಕಿಂತ ಹಿಂದಿನ ಬೆಕ್ಕುಗಳಲ್ಲಿ ಸಿಗಲಿಲ್ಲ. ಈಜಿಪ್ಟಿನ ಗೋಡೆಗಳ ಮೇಲಿನ ಬೆಕ್ಕುಗಳೂ ಅದನ್ನೇ ಹೇಳುತ್ತವೆ. ಅವುಗಳಿಗೆ ಇರುವುದು ಕಾಡುಬೆಕ್ಕಿನ ಅಡ್ಡಪಟ್ಟೆ.

ಅಂದರೆ ಆ ಚಿತ್ರಕಾರರು ಮನಸ್ಸಿಗೆ ಬಂದ ಹಾಗೆ ಗೆರೆ ಎಳೆಯಲಿಲ್ಲ. ಮುಂದೆ ಇದ್ದ ಬೆಕ್ಕನ್ನು ನೋಡಿ ಎಳೆದರು. ಮೂರು ಸಾವಿರ ವರ್ಷ ಆದಮೇಲೆ ಪ್ರಯೋಗಾಲಯ ಅದನ್ನು ಹೌದು ಅಂದಿತು. ನಿಮ್ಮ ಗುಂಡನ ಮೈಮೇಲಿರುವ ಸುಳಿ ಫೇರೋಗಳ ಕಾಲದ್ದಲ್ಲ, ಬೆಕ್ಕುಗಳ ಕಥೆಯಲ್ಲಿ ಅದು ತೀರಾ ಹೊಸದು.

ಇನ್ನೊಂದು ಮಾತು. ಪಟ್ಟೆಬೆಕ್ಕಿಗೆ ಟ್ಯಾಬಿ ಅನ್ನುತ್ತಾರಲ್ಲ, ಆ ಪದ ಬಾಗ್ದಾದಿನ ಅತ್ತಾಬಿಯಾ ಎಂಬ ಬಡಾವಣೆಯಿಂದ ಬಂದದ್ದು. ಅಲ್ಲಿ ಪಟ್ಟೆ ರೇಷ್ಮೆ ನೇಯುತ್ತಿದ್ದರು. ಬಟ್ಟೆಯ ಹೆಸರು ಬೆಕ್ಕಿನ ಮೈಗೆ ಬಂತು.

ರಾತ್ರಿಪಾಳಿ:

ಎದ್ದು ಹೋಗಿ ದೀಪ ಹಾಕಿ ನೋಡಿ ಬಂದೆ. ನಮ್ಮವನಿಗೆ ಅಡ್ಡಪಟ್ಟೆ! ಇಷ್ಟು ವರ್ಷ ಜೊತೆಯಲ್ಲಿದ್ದರೂ ಇದನ್ನು ಗಮನಿಸಿರಲಿಲ್ಲ.

ಕಿಟಕಿಪಕ್ಕ:

ಎಲ್ಲ ಚಿತ್ರಕಾರರೂ ಹಾಗೆ ನೋಡಿ ಬರೆದರು ಅಂತ ಹೇಳಲಾಗುವುದಿಲ್ಲ. ಯುರೋಪಿನ ಮಧ್ಯಯುಗದ ಹಸ್ತಪ್ರತಿಗಳನ್ನು ನೋಡಿ. ಅರ್ಧಕ್ಕರ್ಧ ಬೆಕ್ಕುಗಳಿಗೆ ಮುದುಕರ ಮುಖ. ಮನೆಯಲ್ಲಿ, ಮಠದಲ್ಲಿ ಬೆಕ್ಕು ಓಡಾಡಿಕೊಂಡಿತ್ತು, ಆದರೂ ಹೀಗೆ. ನನಗೆ ಇದು ಬೇಸರ ತರುತ್ತದೆ.

ಮಸಿಬೊಟ್ಟು:

ಕಿಟಕಿಪಕ್ಕ ಅವರೇ, ಅವರಲ್ಲಿ ಬಹಳ ಜನ ಬೇರೆ ಪುಸ್ತಕದ ಚಿತ್ರ ನೋಡಿ ಪ್ರತಿ ಮಾಡುತ್ತಿದ್ದರು. ನಕಲಿನ ನಕಲು ಆದಾಗ ಮುಖ ಹಾಗಾಗುತ್ತದೆ. ಆದರೆ ಅದೇ ಹಸ್ತಪ್ರತಿಗಳಲ್ಲಿ ನಿಜವಾದ ಬೆಕ್ಕೂ ಇದೆ. ಯಾರೂ ಬರೆಯದ ಬೆಕ್ಕು.

ಕ್ರೊಯೇಷಿಯಾದ ಡುಬ್ರೊವ್ನಿಕ್ ದಾಖಲೆಗಳಲ್ಲಿ 15ನೇ ಶತಮಾನದ ಒಂದು ಪುಟವಿದೆ. ಅದರ ಮೇಲೆ ಮಸಿ ಮೆತ್ತಿದ ನಾಲ್ಕು ಹೆಜ್ಜೆ. ಬರೆಯುವವರ ಮಸಿ ತುಳಿದು ಬೆಕ್ಕು ಪುಟದ ಮೇಲೆ ನಡೆದುಹೋಗಿದೆ. ನೆದರ್ಲೆಂಡ್ಸಿನ ಡೆವೆಂಟರ್‌ನಲ್ಲಿ 1420ರ ಸುಮಾರಿಗೆ ಒಬ್ಬ ಬರಹಗಾರನಿಗೆ ಇನ್ನೂ ಕಷ್ಟವಾಯಿತು. ರಾತ್ರಿ ಬೆಕ್ಕು ಬಂದು ತೆರೆದಿಟ್ಟ ಪುಟದ ಮೇಲೆ ಉಚ್ಚೆ ಹೊಯ್ದಿತ್ತು. ಅವನು ಆ ಜಾಗ ಖಾಲಿ ಬಿಟ್ಟ. ಪಕ್ಕದಲ್ಲಿ ಬೆಕ್ಕಿನ ಚಿತ್ರ ಬರೆದ, ಕಲೆಯ ಕಡೆ ಬೆರಳು ತೋರಿಸುವ ಕೈಗಳನ್ನೂ ಬರೆದ. ಇಲ್ಲಿ ಮಾತು ಯಾವುದೂ ಬಿಟ್ಟುಹೋಗಿಲ್ಲ, ಬೆಕ್ಕು ಹೀಗೆ ಮಾಡಿತು ಅಂತ ಓದುವವರಿಗೆ ತಿಳಿಸಿದ. ಆ ಬೆಕ್ಕಿಗೆ ಶಾಪವನ್ನೂ ಹಾಕಿದ. ರಾತ್ರಿ ಪುಸ್ತಕ ತೆರೆದಿಡಬೇಡಿ ಅಂತ ಎಚ್ಚರಿಕೆ ಬೇರೆ.

ನಾನು ಜಲವರ್ಣ ಮಾಡುತ್ತೇನೆ. ಕಳೆದ ವರ್ಷ ಮೂರು ವಾರ ಕೂತು ಮಾಡಿದ ಚಿತ್ರದ ಆಕಾಶದ ಮೇಲೆ ನಮ್ಮ ಕರಿಯ ನಡೆದುಬಿಟ್ಟ. ಮೊದಲು ಅಳು ಬಂತು. ಆಮೇಲೆ ಆ ಡೆವೆಂಟರ್‌ನವನ ಬೆರಳುಗಳು ನೆನಪಾದವು. ಹೆಜ್ಜೆ ಒರೆಸಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಕು ಹಾಕಿದೆ. ಈಗ ಆ ಚಿತ್ರ ಗೋಡೆಯ ಮೇಲಿದೆ.

ಚಿತ್ರ ಬರೆಯುವವರು ಇದ್ದರೆ ಒಂದು ಮಾತು, ದಯವಿಟ್ಟು ಕೇಳಿ. ಎಣ್ಣೆಬಣ್ಣದ ಟರ್ಪೆಂಟೈನ್ ಬೆಕ್ಕಿಗೆ ವಿಷ. ಪಾದಕ್ಕೆ ಮೆತ್ತಿದ್ದನ್ನು ಅದು ನೆಕ್ಕಿಯೇ ತೀರುತ್ತದೆ. ಸೀಸ, ಕ್ಯಾಡ್ಮಿಯಂ ಇರುವ ಬಣ್ಣಗಳೂ ಹಾಗೇ. ಬ್ರಷ್ ತೊಳೆದ ನೀರಿಗೆ ಮುಚ್ಚಳ ಇರಲಿ, ನಾನು ಆ ಕೋಣೆಯ ಬಾಗಿಲನ್ನೇ ಹಾಕುತ್ತೇನೆ. ಹೂವಿಟ್ಟು ಬರೆಯುವವರು ಲಿಲ್ಲಿ ಹೂವನ್ನಂತೂ ಮನೆಗೆ ತರಲೇಬೇಡಿ. ಅದರ ಪರಾಗ ಮೈಗೆ ತಾಗಿ ನೆಕ್ಕಿದರೂ ಸಾಕು, ಬೆಕ್ಕಿನ ಮೂತ್ರಪಿಂಡ ಕೆಟ್ಟು ಜೀವ ಹೋಗಬಹುದು. ತಿಂದಿತು ಅನ್ನುವ ಅನುಮಾನ ಬಂದರೆ ಲಕ್ಷಣ ಕಾಣುವವರೆಗೆ ಕಾಯಬೇಡಿ, ಕೂಡಲೇ ಪಶುವೈದ್ಯರ ಹತ್ತಿರ ಓಡಿ.

ರಾತ್ರಿಪಾಳಿ:

ಲಿಲ್ಲಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಮನೆಯವರಿಗೆಲ್ಲ ಹೇಳಿದೆ. ತುಂಬಾ ಥ್ಯಾಂಕ್ಸ್ ಮೇಡಂ.

ಕಿಟಕಿಪಕ್ಕ:

ನಕಲಿನ ನಕಲು ಅಂದದ್ದು ಸರಿ ಇದೆ, ಒಪ್ಪುತ್ತೇನೆ. ಹೆಜ್ಜೆ ಅಂದಕೂಡಲೇ ಇನ್ನೊಂದು ನೆನಪಾಯಿತು. ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರೋಮನ್ನರ ಕಾಲದ ಹೆಂಚಿನ ಚೂರು ಸಿಕ್ಕಿದೆ. ಒಣಗಲು ಇಟ್ಟ ಹಸಿ ಹೆಂಚಿನ ಮೇಲೆ ಬೆಕ್ಕು ಕಾಲಿಟ್ಟಿದೆ. ಅದನ್ನು ಹಾಗೇ ಸುಟ್ಟಿದ್ದಾರೆ. ಸುಮಾರು 1,900 ವರ್ಷ ಹಳೇ ಪಾದ.

ಪಟ್ಟೆಬಾಲ:

ಎರಡು ದಿನ ಬರಲಾಗಲಿಲ್ಲ, ಬಂದು ನೋಡಿದರೆ ಇಷ್ಟೊಂದು! ಎಲ್ಲವನ್ನೂ ಪಟ್ಟಿಗೆ ಸೇರಿಸಿಕೊಂಡೆ.

ನಿನ್ನೆ ರಾತ್ರಿಯದು ಸ್ಪೇನಿನ ಚಿತ್ರಕಾರ ಗೋಯಾ ಬರೆದದ್ದು. ಕೆಂಪು ಉಡುಪಿನ ಪುಟ್ಟ ಹುಡುಗ ಮ್ಯಾನುಯೆಲ್ ಒಸೋರಿಯೊ, 1787–88ರ ಚಿತ್ರ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನದು. ಹುಡುಗನ ಕೈಯಲ್ಲಿ ದಾರ, ದಾರಕ್ಕೆ ಕಟ್ಟಿದ ಮ್ಯಾಗ್‌ಪೈ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಗೋಯಾನ ಹೆಸರಿರುವ ಚೀಟಿ. ಹಿಂದೆ ಬೆಕ್ಕುಗಳು ಹಕ್ಕಿಯನ್ನೇ ನೋಡುತ್ತಿವೆ. ಎರಡೇ ಅಂದುಕೊಂಡಿದ್ದೆ. ದೊಡ್ಡದು ಮಾಡಿ ಕತ್ತಲೆಯ ಕಡೆ ಹೋದರೆ ಮೂರನೆಯದು! ಕಪ್ಪು ಬೆಕ್ಕು, ಕತ್ತಲೆಯಲ್ಲಿ ಬೆರೆತುಹೋಗಿದೆ, ಕಣ್ಣು ಮಾತ್ರ ಹೊಳೆಯುತ್ತದೆ. ಮೈ ಜುಂ ಅಂದಿತು.

ಬೆಕ್ಕಿಗೆ ಚೆಲ್ಲಾಟ ಅನ್ನುತ್ತೇವಲ್ಲ, ಇಲ್ಲಿ ಚೆಲ್ಲಾಟ ಇಲ್ಲ. ಹಾರುವ ಮುಂಚೆ ಬೆಕ್ಕು ಒಂದು ಕ್ಷಣ ಕಲ್ಲಾಗುತ್ತದೆ ನೋಡಿ, ಆ ಕ್ಷಣ. ಹುಡುಗನಿಗೆ ಏನೂ ಗೊತ್ತಿಲ್ಲ, ಆರಾಮಾಗಿ ನಿಂತಿದ್ದಾನೆ. ಆ ಮಗು 1792ರಲ್ಲಿ, ಎಂಟು ವರ್ಷಕ್ಕೇ ತೀರಿಕೊಂಡಿತು. ಅದು ತಿಳಿದ ಮೇಲೆ ಮತ್ತೆ ಆ ಬೆಕ್ಕುಗಳನ್ನು ನೋಡಲು ಕಷ್ಟವಾಯಿತು. ಗೋಯಾ ಬರೆಯುವಾಗ ಅದು ಗೊತ್ತಿರಲಿಲ್ಲ, ನಿಜ. ಆದರೂ.

ಮೆಟ್ರೊಪಾಲಿಟನ್‌ನವರು 2017ರಿಂದ ತಮ್ಮಲ್ಲಿರುವ ಹಳೇ ಕೃತಿಗಳ ಲಕ್ಷಾಂತರ ಫೋಟೊಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಇಳಿಸಿಕೊಂಡು ಎಷ್ಟು ಬೇಕಾದರೂ ದೊಡ್ಡದು ಮಾಡಿ ನೋಡಬಹುದು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಕೂಡ ಹಾಗೇ. ನಿಮಗೂ ನೋಡಬೇಕು ಅನ್ನಿಸಿದರೆ ಇರಲಿ ಅಂತ ಹೇಳಿದೆ.

ಮೂರುಬಣ್ಣ:

ನನ್ನ ಓಟು ಜಪಾನಿನ ಉತಗಾವ ಕುನಿಯೋಶಿಗೆ (1797–1861). ಅವರ ಕೋಣೆಯ ತುಂಬ ಬೆಕ್ಕು ಇರುತ್ತಿದ್ದವಂತೆ. 1842ರಲ್ಲಿ ಸರ್ಕಾರ ನಾಟಕದ ನಟರ ಚಿತ್ರ ಮಾಡಬಾರದು ಅಂತ ಕಟ್ಟುಪಾಡು ತಂದಾಗ ಅವರು ನಟರನ್ನು ಬೆಕ್ಕಿನ ಮುಖದಲ್ಲಿ ಬರೆದರು. ಟೊಕೈದೊ ಹೆದ್ದಾರಿಯ 53 ತಂಗುದಾಣಗಳನ್ನು ಬೆಕ್ಕುಗಳಲ್ಲೇ ತೋರಿಸಿದ ಚಿತ್ರವೂ ಇದೆ. ಒಂದೊಂದು ಊರಿನ ಹೆಸರಿಗೂ ಪದದಾಟ. ಜಪಾನಿ ಬಾರದ ನನಗೆ ಪದದಾಟ ತಿಳಿಯುವುದಿಲ್ಲ, ಆದರೆ ಬೆಕ್ಕುಗಳು ಪೂರ್ತಿ ತಿಳಿಯುತ್ತವೆ. ಒಂದು ಮೈ ನೆಕ್ಕುತ್ತಿದೆ, ಒಂದು ಮೈಮುರಿಯುತ್ತಿದೆ. ಮನೆಯಲ್ಲಿ ಬೆಕ್ಕು ಇಲ್ಲದವರು ಇದನ್ನು ಬರೆಯಲು ಸಾಧ್ಯವೇ ಇಲ್ಲ.

ಅವರ ಚಿತ್ರಗಳಲ್ಲಿ ಬಿಳಿ, ಕಪ್ಪು, ಕೇಸರಿ ಸೇರಿದ ಮೂರು ಬಣ್ಣದ ಬೆಕ್ಕುಗಳೂ ಇವೆ. ಅವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಆಗಿರಬೇಕು. ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಕಪ್ಪು, ಕೇಸರಿ ಎರಡೂ ಬರಬೇಕಾದರೆ ಎರಡು ಎಕ್ಸ್ ಬೇಕು, ಗಂಡಿಗೆ ಸಾಮಾನ್ಯವಾಗಿ ಇರುವುದು ಒಂದೇ. ಇಂಥ ಗಂಡು ಹುಟ್ಟುವುದು ತೀರಾ ಅಪರೂಪ. ಹಾಗಾಗಿ ಹಳೇ ಚಿತ್ರದಲ್ಲಿ ಮೂರು ಬಣ್ಣದ್ದು ಕಂಡರೆ ನಾನು ಅವಳು ಅಂತಲೇ ಕರೆಯುತ್ತೇನೆ.

ಗಡಿಯಾರ:

ಲೂಯಿಸ್ ವೇನ್ ಹೆಸರು ಯಾರೂ ಹೇಳಲಿಲ್ಲವಲ್ಲ. ದೊಡ್ಡ ಕಣ್ಣಿನ ಬೆಕ್ಕುಗಳನ್ನು ಬರೆದ ಇಂಗ್ಲಿಷ್ ಚಿತ್ರಕಾರ. ಮನಸ್ಸಿನ ಕಾಯಿಲೆ ಜಾಸ್ತಿಯಾದ ಹಾಗೆ ಅವರ ಬೆಕ್ಕುಗಳು ಮೆಲ್ಲಗೆ ಒಡೆದು ಬರೀ ಬಣ್ಣದ ಚೂರುಗಳಾದವು. ಸಾಲಾಗಿ ಇಟ್ಟ ಚಿತ್ರಗಳನ್ನು ಒಂದು ಪಠ್ಯಪುಸ್ತಕದಲ್ಲಿ ನೋಡಿದ್ದೆ.

ಹಳೇಪುಟ:

ಗಡಿಯಾರ ಅವರೇ, ಆ ಸಾಲಿನ ಬಗ್ಗೆ ನನ್ನ ತಕರಾರು ಇದೆ, ಬೇಜಾರು ಮಾಡಿಕೊಳ್ಳಬೇಡಿ. ಆ ಚಿತ್ರಗಳ ಮೇಲೆ ತಾರೀಕು ಇಲ್ಲ. ಅವನ್ನು ಆ ಕ್ರಮದಲ್ಲಿ ಜೋಡಿಸಿದವರು ವಾಲ್ಟರ್ ಮ್ಯಾಕ್ಲೇ ಎಂಬ ಮನೋವೈದ್ಯರು. ಕಾಯಿಲೆ ಬೆಳೆಯುವುದು ಹೀಗೆ ಅಂತ ಅವರು ನಂಬಿದ್ದಕ್ಕೆ ತಕ್ಕಂತೆ ಸಾಲು ಆಯಿತು. ವೇನ್ ಆಸ್ಪತ್ರೆಯಲ್ಲಿದ್ದಾಗಲೂ ಮೊದಲಿನಂಥ ಸಾಮಾನ್ಯ ಬೆಕ್ಕುಗಳನ್ನು ಬರೆಯುತ್ತಿದ್ದರು. ಬಣ್ಣದ ಚೂರುಗಳಂಥ ಚಿತ್ರ ಬರೆದದ್ದು ಆ ವಿನ್ಯಾಸ ಇಷ್ಟವಾಗಿದ್ದಕ್ಕೇ ಇರಬಹುದು, ಅಲ್ವಾ? ಒಬ್ಬ ಮನುಷ್ಯನ ಕೆಲಸವನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಅವರ ಶುರು ನೋಡಿ. ಮದುವೆಯಾದ ಸ್ವಲ್ಪ ದಿನಕ್ಕೇ ಹೆಂಡತಿ ಎಮಿಲಿಗೆ ಸ್ತನ ಕ್ಯಾನ್ಸರ್. ದಿಕ್ಕಿಲ್ಲದ ಕಪ್ಪುಬಿಳುಪಿನ ಮರಿಯೊಂದನ್ನು ಮನೆಗೆ ತಂದು ಪೀಟರ್ ಅಂತ ಹೆಸರಿಟ್ಟರು. ಹಾಸಿಗೆ ಹಿಡಿದ ಎಮಿಲಿಗೆ ಖುಷಿಯಾಗಲಿ ಅಂತ ವೇನ್ ಆ ಬೆಕ್ಕನ್ನು ಬರೆಯತೊಡಗಿದರು. ಎಮಿಲಿ 1887ರಲ್ಲಿ ತೀರಿಕೊಂಡರು. ಬೆಕ್ಕುಗಳು ಉಳಿದವು.

ಗಡಿಯಾರ:

ಬೇಜಾರು ಏನಿಲ್ಲ ಸರ್. ಇಷ್ಟು ವರ್ಷ ತಪ್ಪು ತಿಳಿದುಕೊಂಡಿದ್ದೆ. ಇನ್ನು ಅವರ ಚಿತ್ರಗಳನ್ನು ಬಿಡಿಬಿಡಿಯಾಗಿ ನೋಡುತ್ತೇನೆ.

ಒಂಟಿಜಗಲಿ:

ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಹೋದ ವಾರ ನಮ್ಮ ಬೆಳ್ಳಿ ಹೋದಳು. 16 ವರ್ಷ ಜೊತೆಗಿದ್ದಳು. ಒಂದು ಬೆಕ್ಕಿಗೆ ಇಷ್ಟು ಅಳುತ್ತಾರಾ ಅಂತ ಹತ್ತಿರದವರೇ ಕೇಳಿದರು. ನಿಮ್ಮ ಮಾತುಗಳನ್ನೆಲ್ಲ ಒಂದೇ ಸಲ ಕೂತು ಓದಿದೆ. ಸ್ವಲ್ಪ ಸಮಾಧಾನ ಆಯಿತು.

ಹಳೇಪುಟ:

ಅಳುತ್ತಾರೆ ಅಕ್ಕಾ. ಮೂರು ಸಾವಿರ ವರ್ಷದಿಂದ ಅಳುತ್ತಿದ್ದಾರೆ. ಮನೆಯ ಬೆಕ್ಕು ಸತ್ತರೆ ಈಜಿಪ್ಟಿನ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಮೂರನೇ ಅಮೆನ್‌ಹೋಟೆಪ್ ದೊರೆಯ ಹಿರಿಯ ಮಗ ಥುಟ್ಮೋಸ್ ತನ್ನ ಬೆಕ್ಕಿಗೆ ಸುಣ್ಣಕಲ್ಲಿನ ಶವಪೆಟ್ಟಿಗೆ ಮಾಡಿಸಿದ. ಅದರ ಹೆಸರು ತಾ-ಮಿಯು. ಅಂದರೆ ಹೆಣ್ಣುಬೆಕ್ಕು, ಅಷ್ಟೇ. ಪೆಟ್ಟಿಗೆಯ ಮೇಲೆ ಕಾಣಿಕೆಗಳ ಮುಂದೆ ನೆಟ್ಟಗೆ ಕೂತ ಬೆಕ್ಕಿನ ಚಿತ್ರ ಕೆತ್ತಿದ್ದಾರೆ. ಆ ಹುಡುಗ ಪಟ್ಟಕ್ಕೆ ಬರುವ ಮೊದಲೇ ತೀರಿಕೊಂಡ. ಇವತ್ತು ಅವನು ನೆನಪಿರುವುದು ಜಾಸ್ತಿ ಆ ಪೆಟ್ಟಿಗೆಯಿಂದಲೇ.

ಇನ್ನೂ ಹಿಂದಕ್ಕೆ ಹೋದರೆ ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿ ಇದೆ. ಮನುಷ್ಯನ ಪಕ್ಕದಲ್ಲೇ, ಅರ್ಧ ಮೀಟರೂ ದೂರವಿಲ್ಲದ ಹಾಗೆ, ಒಂದು ಬೆಕ್ಕನ್ನು ಹೂತಿದ್ದಾರೆ. ಆ ದ್ವೀಪದಲ್ಲಿ ಮೊದಲು ಬೆಕ್ಕುಗಳೇ ಇರಲಿಲ್ಲ. ಯಾರೋ ದೋಣಿಯಲ್ಲಿ ತಂದಿದ್ದಾರೆ.

ಕಿಟಕಿಪಕ್ಕ:

ನಿಮ್ಮ ನೋವಿಗೆ ಏನು ಹೇಳಲಿ ಅಂತ ತೋಚುತ್ತಿಲ್ಲ. ಬೆಳ್ಳಿಗೆ 16 ವರ್ಷ ಒಳ್ಳೇ ಮನೆ ಸಿಕ್ಕಿತ್ತು.

ಈಜಿಪ್ಟಿನವರ ಪ್ರೀತಿಯ ಮಾತು ಬಂದಾಗ ಇನ್ನೊಂದು ಮುಖವನ್ನೂ ಹೇಳಬೇಕು ಅನ್ನಿಸುತ್ತದೆ, ಬೇರೆ ದಿನ ಹೇಳುತ್ತೇನೆ.

ಹಳೇಪುಟ:

ನೀವು ಹೇಳಹೊರಟದ್ದು ನನಗೆ ಗೊತ್ತಿದೆ. ನಾನೇ ಹೇಳಿಬಿಡುತ್ತೇನೆ, ಮುಚ್ಚಿಡುವುದು ಬೇಡ. ದೇವಿಗೆ ಹರಕೆ ಕೊಡಲು ಅಲ್ಲಿ ಬೆಕ್ಕುಗಳನ್ನು ಸಾಕಿ, ಎಳೆಯದರಲ್ಲೇ ಕುತ್ತಿಗೆ ಮುರಿದು ಮಮ್ಮಿ ಮಾಡುತ್ತಿದ್ದರು. ಎಕ್ಸ್‌ರೇಯಲ್ಲಿ ಅದು ಕಾಣುತ್ತದೆ. 1890ರಲ್ಲಿ ಅಂಥ ಮಮ್ಮಿಗಳನ್ನು ಟನ್ನುಗಟ್ಟಲೆ ಹಡಗಿನಲ್ಲಿ ಲಿವರ್‌ಪೂಲಿಗೆ ತಂದು ಗೊಬ್ಬರಕ್ಕೆ ಮಾರಿದರು. ಒಂದೇ ನಾಡಿನಲ್ಲಿ ತಾ-ಮಿಯುಗೆ ಕಲ್ಲಿನ ಪೆಟ್ಟಿಗೆ, ಈ ಮರಿಗಳಿಗೆ ಈ ಗತಿ. ಎರಡೂ ನಿಜ.

ಮಸಿಬೊಟ್ಟು:

ಒಂಟಿಜಗಲಿ ಅಕ್ಕಾ, ಒಂದು ಮಾತು ಹೇಳಲಾ? ಜಪಾನಿನ ಉದ ಎಂಬ ಚಕ್ರವರ್ತಿ 889ರಲ್ಲಿ ತನ್ನ ದಿನಚರಿಯಲ್ಲಿ ಬೆಕ್ಕಿನ ಬಗ್ಗೆ ಬರೆದಿದ್ದಾನೆ. ತಂದೆ ಕೊಟ್ಟ ಕರಿಬೆಕ್ಕು. ಅದರ ಬಣ್ಣ ಮಸಿಯ ಹಾಗೆ, ಮುದುರಿ ಮಲಗಿದರೆ ಕಾಳಿನ ಹಾಗೆ ದುಂಡಗೆ, ನಡೆದರೆ ಸದ್ದೇ ಇಲ್ಲ ಅಂತ ಸುಮ್ನೆ ಕಂಡದ್ದನ್ನು ಬರೆದ. ರಾಜ್ಯದ ಕೆಲಸದ ನಡುವೆ ಕೂತು ಬರೆದ. ಆ ಬೆಕ್ಕು ಹೇಗಿತ್ತು ಅಂತ ಇವತ್ತಿಗೂ ನಮಗೆ ಗೊತ್ತು. ಕೈ ಬಂದಾಗ ನೀವೂ ಬೆಳ್ಳಿಯ ಬಗ್ಗೆ ಬರೆದಿಡಿ. ದುಃಖದ್ದು ಬೇಡ, ಅವಳು ಹೇಗಿದ್ದಳು ಅನ್ನುವುದು ಮಾತ್ರ.

ಪಟ್ಟೆಬಾಲ:

ಬರೆದರೆ ಇಲ್ಲೂ ಹಾಕಿ ಅಕ್ಕಾ. ಓದಲು ನಾವೆಲ್ಲ ಇದ್ದೇವೆ.

ಒಂಟಿಜಗಲಿ:

ಐದು ದಿನ ಆಯಿತು. ಇವತ್ತು ಬರೆದೆ.

ಬೂದಿ ಬಣ್ಣ, ಬಿಸಿಲಿಗೆ ಬಂದರೆ ಬೆಳ್ಳಿ. ಎದೆಯ ಮೇಲೆ ಹೆಬ್ಬೆರಳಷ್ಟು ಬಿಳಿ ಮಚ್ಚೆ. ಎಡಗಿವಿಯ ತುದಿ ಹರಿದಿತ್ತು, ನಮ್ಮ ಮನೆಗೆ ಬರುವ ಮೊದಲೇ. ಕರೆದರೆ ಬರುತ್ತಿರಲಿಲ್ಲ, ಪುಟ ಮಗುಚುವ ಸದ್ದಿಗೆ ಬರುತ್ತಿದ್ದಳು. ಮಲಗಿದಾಗ ಮುಂಗಾಲು ಒಂದನ್ನು ಯಾವಾಗಲೂ ನನ್ನ ಕೈಗೆ ತಾಗಿಸಿಕೊಂಡಿರುತ್ತಿದ್ದಳು. ಪಕ್ಕೆಯಲ್ಲಿ ತೆಳ್ಳಗೆ ಪಟ್ಟೆ ಇತ್ತು, ಬೆಳಕು ಅಡ್ಡ ಬಿದ್ದರೆ ಮಾತ್ರ ಕಾಣುತ್ತಿತ್ತು. ಹಳೇ ಫೋಟೊ ತೆಗೆದು ನೋಡಿದೆ. ಅಡ್ಡಪಟ್ಟೆ.